ಕೆಂಪು ಸರಿಯುವ ತನಕ

ಹಾಸನದಲ್ಲಿ ಇಂಗ್ಲಿಷರು ಬಿಟ್ಟು ಹೋದ ಚರ್ಚಿಗೆ ನಮ್ಮ ಬೀದಿಯ ಹೆಂಗಸರು ದೊರೆ ಗುಡಿ ಎನ್ನುತ್ತಿದ್ದರು. ದೊರೆಗಳು ಯಾರೂ ಅಲ್ಲಿ ಉಳಿದಿರಲಿಲ್ಲ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ಆ ಊರಿಗೆ ಬಂದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ಭಾನುವಾರದ ಪ್ರಾರ್ಥನೆಗೆ ಮುಂದಿನ ಒಂದೆರಡು ಬೆಂಚು ತುಂಬುವಷ್ಟು ಜನ ಬರುತ್ತಿದ್ದರು. ಹಿಂದಿನ ಬೆಂಚುಗಳ ಮೇಲೆ ಪಾರಿವಾಳದ ಹಿಕ್ಕೆ ಒಣಗಿರುತ್ತಿತ್ತು.

ನನ್ನ ಕೋಣೆ ಚರ್ಚಿಗೆ ಹತ್ತಿರ, ನೆಂಟರೊಬ್ಬರ ಮನೆಯ ಹಿತ್ತಲ ಕಡೆ. ಚರ್ಚಿನ ಪಾದ್ರಿಗಳು ಮಂಗಳೂರಿನ ಕಡೆಯವರು, ವಯಸ್ಸಾದವರು, ಪುಸ್ತಕದಲ್ಲಿ ಅಚ್ಚಾದಂಥ ಕನ್ನಡ ಮಾತಾಡುತ್ತಿದ್ದರು. ಓದುವುದಕ್ಕೆ ಇಂಗ್ಲಿಷ್ ಪುಸ್ತಕ ಕೊಡುತ್ತಾರೆಂದು ನಾನು ಅವರ ಬಳಿ ಹೋಗಿ ಬರುತ್ತಿದ್ದೆ. ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಚಿತ್ರಗಳಿದ್ದ ಒಂದು ದೊಡ್ಡ ಪುಸ್ತಕ ಅವರಲ್ಲಿತ್ತು. ಗೋಡೆಯ ತುಂಬ ಸತ್ತವರ ಹೆಸರಿನ ಕಲ್ಲುಗಳು, ಕಲ್ಲಿನ ಮಂಚದ ಮೇಲೆ ಕೈಜೋಡಿಸಿ ಮಲಗಿದ ಗಂಡಹೆಂಡಿರ ಮೂರ್ತಿಗಳು, ಬಣ್ಣದ ಗಾಜಿನ ಎತ್ತರದ ಕಿಟಕಿಗಳು. ಅಲ್ಲಿ ಊರಿನ ಅನುಕೂಲಸ್ಥರು ತಮ್ಮವರು ಸತ್ತರೆ ಚರ್ಚಿನ ಗೋಡೆಗೆ ಕಲ್ಲು ಹಾಕಿಸುತ್ತಾರೆ, ಇನ್ನೂ ಅನುಕೂಲವಿದ್ದವರು ಕಿಟಕಿ ಹಾಕಿಸುತ್ತಾರೆ, ಆಮೇಲೆ ಆ ಊರಿನ ಜನ ತಲೆಮಾರುಗಟ್ಟಲೆ ಆ ಸತ್ತವರ ಬೆಳಕಿನಲ್ಲಿ ಕೂತು ಪ್ರಾರ್ಥನೆ ಮಾಡುತ್ತಾರೆ ಎಂದು ಅವರು ವಿವರಿಸಿದ್ದರು.

ನಮ್ಮ ತವರು ಚನ್ನರಾಯಪಟ್ಟಣ. ಊರ ಹೊರಗೆ ಕೆರೆ ಏರಿಯ ಹತ್ತಿರ ದನ ಕದಿಯಲು ಬಂದವರೊಡನೆ ಕಾದಾಡಿ ಸತ್ತವರ ವೀರಗಲ್ಲುಗಳು ಸಾಲಾಗಿ ನಿಂತಿದ್ದವು. ಚಿಕ್ಕವರಿದ್ದಾಗ ಅವುಗಳ ಮೇಲೆ ಕೂತು ಹುಣಿಸೆಹಣ್ಣು ತಿಂದವರು ನಾವು. ಹಾಗಾಗಿ ಪಾದ್ರಿಗಳ ಪುಸ್ತಕದಲ್ಲಿ ನನಗೆ ಹೊಸತೆನಿಸಿದ್ದು ಗಾಜು ಒಂದೇ. ಸತ್ತವರ ಕಲ್ಲು ನಮ್ಮಲ್ಲಿ ಬಯಲಲ್ಲಿ ನಿಲ್ಲುತ್ತಿತ್ತು, ಅವರಲ್ಲಿ ಸೂರಿನ ಕೆಳಗೆ, ಅಷ್ಟೆ.

ಹಾಸನದ ಚರ್ಚನ್ನು ಕಟ್ಟಿಸಿದ ಕಾಫಿ ತೋಟದ ಇಂಗ್ಲಿಷರೂ ತಮ್ಮ ಊರಿನ ಪದ್ಧತಿಯನ್ನೇ ನಡೆಸಿದ್ದರು. ಜ್ವರದಲ್ಲಿ ಸತ್ತವನಿಗೆ ಒಂದು ಕಲ್ಲು, ಕುದುರೆಯಿಂದ ಬಿದ್ದವನಿಗೆ ಒಂದು. ಬಣ್ಣದ ಕಿಟಕಿ ಮಾತ್ರ ಒಂದೇ ಒಂದು, ಪಡುವಣ ಗೋಡೆಯಲ್ಲಿ. ಅದನ್ನು ಇಂಗ್ಲೆಂಡಿನಿಂದ ಮರದ ಪುಡಿ ತುಂಬಿದ ಪೆಟ್ಟಿಗೆಗಳಲ್ಲಿ ಹಡಗಿಗೆ ಹಾಕಿ, ಮಂಗಳೂರಿನಿಂದ ಎತ್ತಿನ ಗಾಡಿಯ ಮೇಲೆ ಘಾಟಿ ಹತ್ತಿಸಿದ್ದರಂತೆ. ಕಿಟಕಿಯ ಮೇಲುಭಾಗದಲ್ಲಿ ಕೆಂಪು ರೆಕ್ಕೆ ಹರಡಿದ ದೇವದೂತ. ಕೆಳಗೆ ಮಡಿಲಲ್ಲಿ ಮಗುವನ್ನು ಇಟ್ಟುಕೊಂಡ ಒಬ್ಬ ತಾಯಿ, ಅವಳ ಮೇಲುಹೊದಿಕೆ ಕಡು ನೀಲಿ. ಕಿಟಕಿಗೆ ನೇರ ಕೆಳಗೆ, ಗೋಡೆಯಲ್ಲಿ, ಆಳೆತ್ತರದ ಬಿಳಿ ಅಮೃತಶಿಲೆ. ಅದರಲ್ಲಿ ಒರಗಿ ಕೂತ ಇಂಗ್ಲಿಷ್ ಹೆಂಗಸು, ತೋಳಲ್ಲಿ ಕೂಸು. ಬೀದಿಯ ಹೆಂಗಸರಿಗೆ ಅದು ದೊರೆಸಾನಮ್ಮನ ಕಲ್ಲು.

ಬಸುರು ನಿಲ್ಲದವರು ಅಲ್ಲಿಗೆ ಬರುತ್ತಿದ್ದರು. ಅವರು ಯಾರೂ ಆ ಧರ್ಮದವರಲ್ಲ. ದೊರೆಸಾನಮ್ಮನ ಪಾದಕ್ಕೆ, ಕೂಸಿನ ಪಾದಕ್ಕೆ ಹರಳೆಣ್ಣೆ ಸವರಿ, ಕಲ್ಲಿನ ಮುಂದೆ ಒಂದು ಗಳಿಗೆ ನಿಲ್ಲುವುದು, ಅದೇ ಹರಕೆ. ಕಾಯಿ ಒಡೆಯಬೇಡಿ, ಕುಂಕುಮ ಹಚ್ಚಬೇಡಿ ಎಂದು ಪಾದ್ರಿಗಳು ಕೇಳಿಕೊಂಡಿದ್ದರು. ಎಣ್ಣೆಗೆ ಏನೂ ಅನ್ನುತ್ತಿರಲಿಲ್ಲ. ಎಣ್ಣೆ ಕುಡಿದು ಕುಡಿದು ಆ ಪಾದಗಳು ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಇದರ ಜೊತೆಗೆ ಒಂದು ಕಟ್ಟುಪಾಡಿತ್ತು. ಮಧ್ಯಾಹ್ನ ತಿರುಗಿದ ಮೇಲೆ ಸೂರ್ಯ ಕಿಟಕಿಗೆ ಬರುತ್ತಾನೆ. ಕಲ್ಲಿನ ಮುಂದೆ ನಿಂತವರ ಮೇಲೆ ಮೊದಲು ಬೀಳುವುದು ಮೇಲಿನ ಗಾಜಿನ ಕೆಂಪು. ಹೊತ್ತು ಇಳಿದಂತೆ ಅದು ಸರಿದು, ಕೆಳಗಿನ ಗಾಜಿನ ನೀಲಿ ಬರುತ್ತದೆ. ನೀಲಿ ಮಡಿಲಿಗೆ ಬಿದ್ದರೆ ಬಸುರು ನಿಲ್ಲುತ್ತದೆ, ಕೆಂಪು ಬಿದ್ದರೆ ಜಾರುತ್ತದೆ. ಹೀಗೆ ಮೊದಲು ಹೇಳಿದವರು ಯಾರೋ ತಿಳಿಯದು. ಆದರೆ ಕೆಂಪು ಕಲ್ಲಿನ ಮುಂದೆ ಇರುವಷ್ಟು ಹೊತ್ತು ಹೆಂಗಸರು ಹಿಂದಿನ ಬೆಂಚುಗಳ ಹತ್ತಿರ ಗುಂಪಾಗಿ ನಿಂತು, ಬಸ್ಸಿಗೆ ಕಾಯುವವರ ಹಾಗೆ ಕಾಯುವುದನ್ನು ನಾನೇ ನೋಡಿದ್ದೆ.

ನನ್ನ ಅಕ್ಕನನ್ನು ಅರಕಲಗೂಡಿಗೆ ಕೊಟ್ಟಿತ್ತು. ಹೊಗೆಸೊಪ್ಪಿನ ವ್ಯಾಪಾರದ ಮನೆ, ಕೈತುಂಬ ಕೆಲಸ, ಒಳ್ಳೆಯ ಜನ. ಅವಳಿಗೆ ಎರಡು ಸಲ ಬಸುರು ಹೋಗಿತ್ತು. ಎರಡನೆಯದು ಆರು ತಿಂಗಳು ತುಂಬಿದ ಮೇಲೆ. ಆ ಕೂಸಿಗೆ ಬೆರಳುಗಳೆಲ್ಲ ಮೂಡಿದ್ದವು ಎಂದು ಅಕ್ಕ ಒಂದು ಸಲ ಮಾತ್ರ ನನಗೆ ಹೇಳಿದ್ದಳು. ಮೂರನೆಯ ಬಸುರಿಗೆ ಏಳು ತಿಂಗಳು ಬಿದ್ದಾಗ ಹಾಸನದ ಹೆರಿಗೆ ಆಸ್ಪತ್ರೆಗೆ ತೋರಿಸಲು ಬಂದಳು. ಡಾಕ್ಟರಮ್ಮ ಅವಳನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಇದು ನಿಲ್ಲಲೇಬೇಕು, ಇದೂ ಹೋದರೆ ಇನ್ನೊಂದನ್ನು ಈಕೆಯ ಮೈ ತಡೆಯುವುದಿಲ್ಲ, ಗಾಬರಿ ಬೇಡ, ಭಾರ ಎತ್ತುವುದು ಬೇಡ, ಬಸ್ಸಿನ ಓಡಾಟ ಬೇಡ ಎಂದರು. ಅಕ್ಕ ನನ್ನ ಕೋಣೆಯಲ್ಲೇ ಉಳಿಯುವುದೆಂದಾಯಿತು.

ಮುಂದಿನ ವಾರ ಅವಳ ಅತ್ತೆ ಅರಕಲಗೂಡಿನಿಂದ ಬಂದರು. ಹತ್ತಿರದ ದೇವರುಗಳಿಗೆಲ್ಲ ಅವರೇ ಹೋಗಿ ಹರಕೆ ಹೊತ್ತು ಮುಗಿಸಿದ್ದರು. ದೊರೆಸಾನಮ್ಮನದು ಮಾತ್ರ ಬಸುರಿಯೇ ಸಲ್ಲಿಸಬೇಕು. ಸೆರಗಿನ ಗಂಟಿನಿಂದ ಒಂದು ಪುಟ್ಟ ಬಾಟಲಿ ತೆಗೆದು, ಮನೆಯಲ್ಲೇ ಬೇಯಿಸಿ ತೆಗೆದ ಹರಳೆಣ್ಣೆ, ಸೀಸ ಜೋಪಾನ ಎಂದು ನನ್ನ ಕೈಗೆ ಕೊಟ್ಟರು. ನಮ್ಮ ಕಡೆ ಸೀಸ ಎಂದರೆ ಬಾಟಲಿ. ಗಾಜಿನದು ಯಾವುದಾದರೂ ಸೀಸವೇ. ಈ ಮಾತನ್ನು ಇಲ್ಲಿ ಬರೆದಿಡುವುದಕ್ಕೆ ಕಾರಣವಿದೆ.

ಅದು ಆಷಾಢ. ಹಾಸನದಲ್ಲಿ ಆಷಾಢದ ಗಾಳಿ ಪಡುವಣ ದಿಕ್ಕಿನಿಂದ ಬೀದಿಯುದ್ದಕ್ಕೂ ನುಗ್ಗಿ ಬರುತ್ತದೆ, ಛತ್ರಿ ಹಿಡಿಯುವುದಕ್ಕೆ ಆಗುವುದಿಲ್ಲ. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿಕೊಂಡು ಬಂದು ಅಕ್ಕನನ್ನು ಕರೆದುಕೊಂಡು ಹೊರಟೆ. ಮೋಡ ಮುಚ್ಚಿತ್ತು. ಬಿಸಿಲಿಲ್ಲದ ದಿನ ಹೋದರೆ ಕೆಂಪೂ ಇಲ್ಲ ನೀಲಿಯೂ ಇಲ್ಲ, ಎಣ್ಣೆ ಸವರಿ ಬಂದುಬಿಡಬಹುದು ಎಂದು ನಾನೇ ಲೆಕ್ಕ ಹಾಕಿದ್ದೆ.

ಚರ್ಚಿನ ಬಾಗಿಲು ಪಕ್ಕದ ಗೋಡೆಯಲ್ಲಿತ್ತು. ಅಲ್ಲಿ ಗಂಟೆ ಹೊಡೆಯುವ ಮುದುಕ ಬೀಗ ಹಿಡಿದು ನಿಂತಿದ್ದ. ಗಂಟೆ, ಕಸ, ಕಾವಲು ಎಲ್ಲ ಅವನದೇ. ಹೊಳೆನರಸೀಪುರದ ಕಡೆಯವನು, ತಲೆಗೆ ಯಾವಾಗಲೂ ದಪ್ಪ ರುಮಾಲು, ಬಾಯಲ್ಲಿ ತಮಾಷೆ. ಅವತ್ತು ಅವನಿಗೆ ಊರಿನ ಬಸ್ಸು ಹಿಡಿಯುವ ಆತುರ. ಭಾಮೈದ ಹೊಳೆಯಲ್ಲಿ ಹೊಸ ಬಲೆ ಬಿಡುತ್ತಾನೆ, ಮೀನಿನ ಊಟ ಕಾದಿದೆ, ಬೇಗ ಮುಗಿಸಿಕೊಳ್ಳಿ ಎಂದ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲವೆಂದು ಗೊತ್ತಿದ್ದೂ, ನಿಮಗೂ ಒಂದು ತರಲಾ ಟೀಚರಮ್ಮ ಎಂದು ಕೇಳಿದ. ಅಕ್ಕ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಒಳಗೆ ನಾವು ಮೂವರೇ. ಅಕ್ಕ ಚಪ್ಪಲಿ ಬಿಟ್ಟು, ಸೀಸದ ಮುಚ್ಚಳ ತೆಗೆದು, ಬೆಂಚುಗಳ ನಡುವಿನ ದಾರಿಯಲ್ಲಿ ಪಡುವಣ ಗೋಡೆಯ ಕಡೆ ನಡೆದಳು. ಕೊನೆಯ ಬೆಂಚಿನ ಹತ್ತಿರ ನಿಂತು ಕಲ್ಲನ್ನು ನೋಡಿದಳು. ಕೂಸಿನ ಕೆಳಗೆ ಇಂಗ್ಲಿಷಿನಲ್ಲಿ ಕೆತ್ತಿದ ಸಾಲುಗಳಿದ್ದವು. ಏನು ಬರೆದಿದೆ ಎಂದು ಕೇಳಿದಳು. ಕಾಫಿ ತೋಟದ ದೊರೆಯೊಬ್ಬ ಹೆಂಡತಿಗಾಗಿ ಹಾಕಿಸಿದ ಕಲ್ಲು, ಕಿಟಕಿಯೂ ಅವಳದೇ ನೆನಪಿನದು ಎಂದೆ. ಅದು ಸುಳ್ಳಲ್ಲ. ಆ ಹೆಂಗಸು ಚೊಚ್ಚಲ ಹೆರಿಗೆಯಲ್ಲಿ ಸತ್ತಳು, ಕೂಸು ಅವಳಿಗಿಂತ ಒಂದು ದಿನ ಹೆಚ್ಚು ಬದುಕಿತು, ಇಬ್ಬರೂ ಒಂದೇ ಗುಂಡಿಯಲ್ಲಿ ಇದ್ದಾರೆ ಎಂಬ ಉಳಿದ ಸಾಲುಗಳನ್ನು ನಾನು ಹೇಳಲಿಲ್ಲ. ಏಳು ತಿಂಗಳ ಬಸುರಿಗೆ ಅದನ್ನು ಓದಿ ಹೇಳುವವರು ಯಾರು?

ಅಕ್ಕ ಇನ್ನೇನು ಹೆಜ್ಜೆ ಇಡಬೇಕು, ಮೋಡ ಬಿಟ್ಟಿತು. ಕಿಟಕಿಯ ಮೇಲುಭಾಗ ಒಮ್ಮೆಲೇ ಹೊತ್ತಿಕೊಂಡಿತು, ಕಲ್ಲಿನ ಮುಂದಿನ ನೆಲದ ಮೇಲೆ ಕೆಂಪು ಬಂದು ಬಿತ್ತು. ನೆನೆಸಿದ ಕೆಂಪು ಸೀರೆಯನ್ನು ಹಾಸಿದ ಹಾಗೆ ಇತ್ತು. ಅಕ್ಕ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ತಡಿಯೇ. ಕೆಂಪು ಸರೀಲಿ," ಎಂದಳು.

ಬಾಗಿಲ ಬಳಿಯಿಂದ ಮುದುಕ ಗೊಣಗಿಕೊಂಡು ಬಂದ. ಕೆಂಪು ಸರಿಯುವುದನ್ನು ಕಾಯುತ್ತಾ ಕೂತರೆ ತನ್ನ ಬಸ್ಸು ಸರಿದುಹೋಗುತ್ತದೆ ಎಂಬುದು ಅವನ ದೂರು. ನಮ್ಮನ್ನು ದಾಟಿಕೊಂಡು ಹೋಗಿ ಕಲ್ಲಿನ ಮುಂದೆ, ಸರಿಯಾಗಿ ಆ ಕೆಂಪಿನ ನಡುವೆ ನಿಂತು, ನಮ್ಮ ಕಡೆ ತಿರುಗಿ ಎರಡು ಕೈಯನ್ನೂ ಚಾಚಿದ. ಅವನ ಬಿಳಿ ರುಮಾಲು, ಬಿಳಿ ಮೀಸೆ, ಅಂಗೈ ಎಲ್ಲ ಕೆಂಪಾದವು.

"ನೋಡ್ರವ್ವ, ನಂಗೇನಾಯ್ತು? ಬಣ್ಣ ಕಣವ್ವ, ಬರೀ ಬಣ್ಣ."

"ನೀನೇನು ಬಸುರಿಯಾ?" ಎಂದಳು ಅಕ್ಕ.

ಅವನು ಅದಕ್ಕೆ ಏನೋ ಹೇಳುವುದರಲ್ಲಿದ್ದ. ಗಾಳಿ ಬಂತು.

ಇದಾದ ಮೇಲಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪಾಠ ಮಾಡುವಾಗ ಕಪ್ಪುಹಲಗೆಯ ಕಡೆ ತಿರುಗಿದರೆ ಕಾಣುತ್ತಿತ್ತು, ಬಟ್ಟೆ ಒಣಹಾಕುವಾಗ ಕಾಣುತ್ತಿತ್ತು. ನನಗೆ ಆಶ್ಚರ್ಯವೆಂದರೆ ಅದು ಯಾವಾಗಲೂ ನಿಧಾನವಾಗಿಯೇ ಕಾಣುತ್ತದೆ. ಮೊದಲು ಒಂದು ಸಣ್ಣ ಸದ್ದು, ಒಲೆಯಲ್ಲಿ ಹಸಿ ಕಡ್ಡಿ ಸಿಡಿದಂತೆ. ಮುದುಕ ತಲೆ ಎತ್ತಿದ. ಕಿಟಕಿ ಒಡೆಯಲಿಲ್ಲ. ಒಡೆದಿದ್ದರೆ ನನಗೆ ಅರ್ಥವಾಗುತ್ತಿತ್ತು. ಅದು ಉಬ್ಬಿತು. ಹಗ್ಗದ ಮೇಲಿನ ಸೀರೆ ಗಾಳಿಗೆ ಉಬ್ಬುವಂತೆ, ಗಾಜು ಇಡಿಯಾಗಿ ಒಳಕ್ಕೆ ಹೊಟ್ಟೆ ಬಿಟ್ಟುಕೊಂಡಿತು. ಮೇಲಿನ ದೇವದೂತನ ಮುಖ ಮುಂದಕ್ಕೆ ಬಾಗಿ ನಮ್ಮನ್ನು ನೋಡಿತು. ಆಮೇಲೆ ಮೇಲಿನ ಅಂಚು ಗೋಡೆಯನ್ನು ಬಿಟ್ಟು, ಇಡೀ ಚಿತ್ರ ಮಡಚಿಕೊಂಡು, ನೀಲಿಯ ಮೇಲೆ ಕೆಂಪು ಬಿದ್ದು, ಎರಡೂ ಕೆಳಗೆ ಬಂದವು. ಅದರ ಹಿಂದೆ ಅಡ್ಡದ ಕಬ್ಬಿಣದ ಕಂಬಿ ಒಂದು.

ಸದ್ದು ಆಮೇಲೆ ಬಂದಂತೆ ನನ್ನ ನೆನಪು. ನಿಜವಾಗಿ ಹಾಗಿರಲಾರದು.

ಗಾಜಿನ ಚೂರುಗಳು ನೆಲದ ಮೇಲೆ ಜಾರಿಕೊಂಡು ಬಂದು ಕೊನೆಯ ಬೆಂಚಿನ ಕಾಲಿಗೆ ತಗುಲಿ ನಿಂತವು. ಒಂದು ಚೂರು ಅಕ್ಕನ ಬರಿಗಾಲಿನ ಹೆಬ್ಬೆರಳ ಪಕ್ಕದಲ್ಲಿ ತಿರುಗುತ್ತಾ ಇದ್ದು ನಿಂತಿತು. ಗೋಡೆಯಲ್ಲಿ ಕಿಟಕಿಯಾಕಾರದ ಆಕಾಶ ಕಾಣುತ್ತಿತ್ತು, ಬಣ್ಣವಿಲ್ಲದ ಬಿಸಿಲು, ಒಳಗೆಲ್ಲ ಗಾಳಿ. ಪ್ರಾರ್ಥನೆಯ ಹಾಳೆಗಳು ಹಾರಿ ಬೆಂಚುಗಳ ಮೇಲೆ ಬೀಳುತ್ತಿದ್ದವು. ದೊರೆಸಾನಮ್ಮನಿಗೆ ಏನೂ ಆಗಿರಲಿಲ್ಲ. ಅವಳ ಮುಂದೆ, ಈಗಷ್ಟೆ ಅಕ್ಕ ಎಣ್ಣೆ ಹಿಡಿದು ನಿಲ್ಲಬೇಕಾಗಿದ್ದ ಜಾಗದಲ್ಲಿ, ಗಾಜು ಮೊಣಕಾಲೆತ್ತರ ಬಿದ್ದಿತ್ತು.

ಮುದುಕ ಸದ್ದು ಕೇಳಿ ಪಕ್ಕಕ್ಕೆ ಹಾರಿದ್ದರಿಂದ ಬದುಕಿದ. ಕಂಬಿ ರುಮಾಲಿಗೆ ಬಡಿದು ಹೆಗಲಿಗೆ ಇಳಿದಿತ್ತು, ತೋಳು ಉದ್ದಕ್ಕೂ ಸೀಳಿತ್ತು. ಅವನು ಗೋಡೆಗೆ ಒರಗಿ ಕೂತು ತೋಳನ್ನೇ ನೋಡುತ್ತಿದ್ದ. ಅಕ್ಕ ಅಲುಗಾಡಲಿಲ್ಲ. ಎಣ್ಣೆಯ ಸೀಸ ಅವಳ ಕೈಯಲ್ಲಿ ನೆಟ್ಟಗೇ ಇತ್ತು, ಒಂದು ತೊಟ್ಟೂ ಚೆಲ್ಲಿರಲಿಲ್ಲ. ನಾನು ಅದರ ಮುಚ್ಚಳ ಹುಡುಕತೊಡಗಿದೆ. ಒಬ್ಬ ಮನುಷ್ಯ ರಕ್ತ ಸೋರಿಸಿಕೊಂಡು ಕೂತಿರುವಾಗ, ಅಕ್ಕ ಆ ಸ್ಥಿತಿಯಲ್ಲಿ ನಿಂತಿರುವಾಗ, ಬೆಂಚಿನ ಕೆಳಗೆ ಬಗ್ಗಿ ಬಾಟಲಿಯ ಮುಚ್ಚಳ ಹುಡುಕಿದೆ. ಸಿಕ್ಕ ಮೇಲೆ ಅದನ್ನು ಹಾಕಿ ತಿರುಗಿಸಿದೆ. ಆಗ ಅಕ್ಕ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು.

ಸದ್ದಿಗೆ ಪಾದ್ರಿಗಳು ಓಡಿ ಬಂದಿದ್ದರು. ಅವರೇ ಜಟಕಾ ಗಾಡಿ ತಂದರು. ಒಂದೇ ಗಾಡಿಯಲ್ಲಿ ಅಕ್ಕ, ನಾನು, ಟವೆಲ್ ಸುತ್ತಿದ ತೋಳಿನ ಮುದುಕ. ಕುದುರೆಯನ್ನು ಮೆಲ್ಲಗೆ ನಡೆಸು ಎಂದು ನಾನು, ಬೇಗ ಹೊಡಿ ಎಂದು ಪಾದ್ರಿಗಳು. ಗಾಡಿಯವನು ಯಾರ ಮಾತನ್ನೂ ಕೇಳಲಿಲ್ಲ. ದಾರಿಯಲ್ಲಿ ಮುದುಕ ನೋವಿನಲ್ಲೂ ಅಕ್ಕನ ಕಡೆ ತಿರುಗಿ, ನೀನು ಮುಂದೆ ಬಂದಿದ್ರೆ ಕಣವ್ವ ಎಂದು ಅರ್ಧಕ್ಕೇ ನಿಲ್ಲಿಸಿದ. ಮತ್ತೆ ಅದನ್ನೇ ಹೇಳಿದ, ಮತ್ತೆ ಅರ್ಧಕ್ಕೇ ನಿಲ್ಲಿಸಿದ.

ಡಾಕ್ಟರಮ್ಮ ಅಕ್ಕನನ್ನು ಮಂಚದ ಕಾಲಿನ ಕಡೆಗೆ ಇಟ್ಟಿಗೆ ಇಟ್ಟು ಎತ್ತರಿಸಿ ಮಲಗಿಸಿದರು. ನೋವು ಬಂದು ಬಂದು ಹೋಗುತ್ತಿತ್ತು. ಇದು ನಿಂತರೆ ನಿಂತಿತು, ಈಗ ಯಾರೂ ಏನೂ ಹೇಳುವ ಹಾಗಿಲ್ಲ ಎಂದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಅವಳ ಸೀರೆಯನ್ನೇ ನೋಡುತ್ತಿದ್ದೆ. ಎಲ್ಲಾದರೂ ಕೆಂಪು ಕಾಣುತ್ತದೆಯೇ ಎಂದು. ಬಿ.ಎ. ಓದಿದ ನನಗೂ ಆಗ ಬೇರೆ ಬಣ್ಣ ತಿಳಿಯುತ್ತಿರಲಿಲ್ಲ.

ಎರಡನೆಯ ದಿನ ನೋವು ಕಡಿಮೆಯಾಯಿತು. ಅಕ್ಕ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಆ ಕಲ್ಲಲ್ಲಿ, ಹೆರಿಗೇಲಿ ಸತ್ತೋದ್ಲು ಅಂತ ತಾನೆ ಬರ್ದಿರೋದು?"

ಯಾರು ಹೇಳಿದರು ಎಂದು ಕೇಳಿದೆ.

"ಯಾರೇಳ್ಬೇಕು. ಎಲ್ರಿಗೂ ಗೊತ್ತು. ಅದಕ್ಕೇ ಅವಳತ್ರ ಹೋಗೋದು ಕಣೇ. ಹೆತ್ತು ಸುಖವಾಗಿರೋಳಿಗೆ ನಮ್ಮ ಪಾಡು ಏನು ಗೊತ್ತಾಯ್ತದೆ?"

ಇಷ್ಟು ಹೇಳಿ ಪಕ್ಕಕ್ಕೆ ಮುಖ ಮಾಡಿದಳು. ಆ ಕಡೆ ತಿರುಗಿಕೊಂಡೇ, ಮುದುಕನಿಗೆ ಹೇಗಿದೆ ಎಂದು ಕೇಳಿದಳು.

ಮುದುಕ ಪಕ್ಕದ ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿದ್ದ. ತೋಳಿಗೆ ಹೊಲಿಗೆ ಹಾಕಿದ್ದರು. ನಾನು ನೋಡಲು ಹೋದಾಗ ಪಾದ್ರಿಗಳೂ ಅಲ್ಲಿದ್ದರು, ಮುಖ ಕೆಂಪಾಗಿತ್ತು. ಅವರು ಸಿಟ್ಟಾದದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. ಮಳೆಗಾಲಕ್ಕೆ ಮುಂಚೆ ಚರ್ಚಿನ ಹೆಂಚು ಕೈಯಾಡಿಸಿ ಸರಿಮಾಡಿಸಿದ್ದರು. ಉಳಿದ ಹಳೆಯ ಸಾಮಾನನ್ನು ತೆಗೆದುಕೊಳ್ಳಲೇ ಎಂದು ಮುದುಕ ಕೇಳಿದ್ದ. ಪಾದ್ರಿಗಳು, ಕಿಟಕಿಯ ಸೀಸವನ್ನು ಮಾತ್ರ ಮುಟ್ಟಬೇಡ, ಬೇರೇನಿದ್ದರೂ ಒಯ್ಯಿ ಎಂದಿದ್ದರು. ಬಣ್ಣದ ಗಾಜಿನ ಚೂರುಗಳನ್ನು ಒಂದಕ್ಕೊಂದು ಕೂಡಿಸಿ ಹಿಡಿಯುವುದು ಸೀಸವೆಂಬ ಮೆತ್ತನೆಯ ಲೋಹದ ಪಟ್ಟಿ. ಅದೇ ಲೋಹದ ತಂತಿಯಿಂದ ಗಾಜನ್ನು ಅಡ್ಡ ಕಂಬಿಗಳಿಗೆ ಕಟ್ಟಿರುತ್ತಾರೆ. ಅದು ಹೋದರೆ ಕಿಟಕಿ ನಿಲ್ಲುವುದಿಲ್ಲ ಎಂಬುದು ಆ ಪುಸ್ತಕ ಓದಿದ್ದ ಅವರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಬಿದ್ದ ರಾಶಿಯನ್ನು ನೋಡಿದರೆ, ಹೊರಮೈಯಲ್ಲಿ ಕೈಗೆಟಕುವ ಪಟ್ಟಿಯೂ ಇಲ್ಲ, ತಂತಿಯೂ ಇಲ್ಲ, ಯಾರೋ ಸುಲಿದಿದ್ದಾರೆ.

"ಸೀಸ ಮುಟ್ಟಬೇಡ ಎಂದು ನಾನು ಹೇಳಲಿಲ್ಲವೇ?" ಎಂದು ಪಾದ್ರಿಗಳು ಕೇಳಿದರು.

"ಸೀಸ ಮುಟ್ನಿಲ್ಲ ಸಾ," ಎಂದ ಮುದುಕ. "ನಿಮ್ಮ ದೇವ್ರಾಣೆ. ಒಂದು ಸೀಸ ಒಡೀಲಿಲ್ಲ, ಬೆರಳು ಸೋಕುಸ್ನಿಲ್ಲ. ಸುತ್ತ ಇದ್ದ ತವರ ಕಿತ್ಕಂಡೆ ಅಷ್ಟೇಯ."

ಪಾದ್ರಿಗಳು ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಗಿರಲಿಲ್ಲ. ಅವರ ಊರಲ್ಲಿ ಬಾಟಲಿಗೆ ಕುಪ್ಪಿ ಎನ್ನುತ್ತಾರೆ. ಸೀಸ ಎಂಬುದು ಗಾಜಿಗೂ ಹೆಸರಾಗಬಹುದೆಂದು ಅವರು ಕಲ್ಪಿಸಿಕೊಂಡಿರಲಾರರು. ಮುದುಕನಿಗೋ, ಬೂದು ಬಣ್ಣದ ಮೆತ್ತನೆಯ ಲೋಹವೆಲ್ಲ ತವರ. ಅವನು ಏಣಿಯ ಮೇಲೆ ನಿಂತು, ಗಾಜಿಗೆ ಉಗುರೂ ತಾಗದಂತೆ, ಬಹಳ ಜೋಪಾನವಾಗಿ, ಹಲವು ದಿನಗಳಲ್ಲಿ ಅದನ್ನು ಬಿಡಿಸಿದ್ದನಂತೆ. ಅದನ್ನು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ನಾನು ಎರಡು ಸೀಸಗಳ ವ್ಯತ್ಯಾಸವನ್ನು ಪಾದ್ರಿಗಳಿಗೆ ತಿಳಿಸಿದೆ. ಅವರು ಮಂಚದ ತುದಿಯಲ್ಲಿ ಕೂತರು. ಮುದುಕನಿಗೆ ತಾವು ತಂದಿದ್ದ ಕಿತ್ತಳೆ ಹಣ್ಣನ್ನು ಸುಲಿದು ಕೊಟ್ಟರು, ಅವನ ಒಂದು ಕೈ ಕಟ್ಟಿತ್ತಲ್ಲ. ತವರ ಎಲ್ಲಿದೆ ಎಂದು ಕೇಳಿದ್ದಕ್ಕೆ, ಕರಗಿಸಿ ಗುಂಡು ಮಾಡಿ ಭಾಮೈದನ ಬಲೆಗೆ ಭಾರಕ್ಕೆ ಕಟ್ಟಿಯಾಯಿತು, ಈಗ ಹೇಮಾವತಿ ಹೊಳೆಯ ತಳದಲ್ಲಿದೆ ಎಂದ. ಭಾಮೈದನ ಹತ್ತಿರ ಪಾದ್ರಿಗಳು ಆಳು ಕಳಿಸಿದರು. ಬೇಕಾದರೆ ಮುಳುಗಿ ತೆಗೆದುಕೊಳ್ಳಿ ಎಂದು ಅವನು ಹೇಳಿ ಕಳಿಸಿದನಂತೆ.

ಅಕ್ಕನನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಅತ್ತೆ ಬಂದು ಹಗಲಿಗೆ ಕೂರುತ್ತಿದ್ದರು, ಸ್ಕೂಲು ಬಿಟ್ಟ ಮೇಲೆ ನಾನು. ಕೆಂಪು ಬಂದು ತಡೆಯಿತು, ದೊರೆಸಾನಮ್ಮನೇ ಕಳಿಸಿದಳು ಎಂಬುದು ಅತ್ತೆಯ ತೀರ್ಮಾನ. ಬಂದದ್ದು ಬಿಸಿಲು, ಕಳಿಸಿದ್ದು ಮೋಡ ಎಂದು ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಆದರೆ ಮೋಡ ಎನ್ನುವುದು ದೊರೆಸಾನಮ್ಮ ಎನ್ನುವುದಕ್ಕಿಂತ ಹೆಚ್ಚು ಧೈರ್ಯ ಕೊಡುತ್ತಿರಲಿಲ್ಲ. ಆ ಮೋಡ ಒಂದು ಕ್ಷಣ ತಡವಾಗಿ ಬಿಟ್ಟಿದ್ದರೆ ಅಕ್ಕ ಕಲ್ಲಿನ ಮುಂದೆ ಬಗ್ಗಿರುತ್ತಿದ್ದಳು. ಎಣ್ಣೆ ಸವರುವಾಗ ತಲೆ ಬಾಗಿರುತ್ತದೆ, ಕತ್ತು ತೆರೆದಿರುತ್ತದೆ. ಇಲ್ಲಿಗೆ ಬಂದು ನನ್ನ ಯೋಚನೆ ನಿಲ್ಲುತ್ತಿತ್ತು, ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಹಸಿ ಕಡ್ಡಿಯ ಸದ್ದು, ಉಬ್ಬು, ದೇವದೂತನ ಮುಖ.

ಪಾದ್ರಿಗಳು ಗಾಜನ್ನೆಲ್ಲ ಗೋಣಿಚೀಲಗಳಲ್ಲಿ ತುಂಬಿಸಿಟ್ಟರು. ಯುದ್ಧದಲ್ಲಿ ಇಂಗ್ಲೆಂಡಿನ ಎಷ್ಟೋ ಚರ್ಚುಗಳ ಕಿಟಕಿಗಳು ಬಾಂಬಿಗೆ ಪುಡಿಯಾದವಂತೆ. ಚಿತ್ರವನ್ನು ಮತ್ತೆ ಕೂಡಿಸಲಾಗದೆ, ಸಿಕ್ಕ ಚೂರುಗಳನ್ನೇ ಒಂದು ಕಡೆ ಮುಖ, ಒಂದು ಕಡೆ ಕೈ, ಒಂದು ಕಡೆ ಬರೀ ಬಣ್ಣವಾಗಿ ಜೋಡಿಸಿ ನಿಲ್ಲಿಸಿದ್ದಾರೆ ಎಂದು ಅದೇ ಪುಸ್ತಕದಲ್ಲಿ ತೋರಿಸಿದರು. ಇಲ್ಲಿ ಸೀಸದ ಕೆಲಸ ಬಲ್ಲವರು ಯಾರೂ ಇರಲಿಲ್ಲ. ದುದ್ದದ ಕಡೆಯ ಬಡಗಿಯೊಬ್ಬ ತೇಗದ ಮರದಲ್ಲಿ ಚೌಕಚೌಕವಾಗಿ ಮನೆ ಮಾಡಿ, ಬಿಳಿ ಗಾಜು ಕೂರಿಸಿ, ಅಲ್ಲಲ್ಲಿ ಹಳೆಯ ಚೂರುಗಳನ್ನು ಸೇರಿಸಿಕೊಡುತ್ತೇನೆ ಎಂದು ಒಪ್ಪಿದ. ಆ ಸುದ್ದಿ ಬೀದಿಗೆ ಬಂದಾಗ ನಾಲ್ಕಾರು ಹೆಂಗಸರು ಪಾದ್ರಿಗಳ ಮನೆಯ ಮುಂದೆ ಬಂದು ನಿಂತರು. ಅವರ ಮಾತು ಒಂದೇ: ಯಾವ ಬಣ್ಣವಾದರೂ ಹಾಕಿಸಿ, ಕೆಂಪು ಬೇಡ. ಅವರ ಪರವಾಗಿ ನನ್ನನ್ನು ಮುಂದೆ ನಿಲ್ಲಿಸಿದ್ದರು, ಟೀಚರಮ್ಮ ಅಲ್ಲವೇ. ದೇವದೂತನ ರೆಕ್ಕೆಯನ್ನು ಬಿಟ್ಟುಬಿಡುವುದು ಪಾದ್ರಿಗಳಿಗೆ ಕಷ್ಟವೇ ಆಯಿತು. ಕೊನೆಗೆ ಆಗಲಿ ಎಂದರು.

ಅಕ್ಕನಿಗೆ ದಿನ ತುಂಬಿಯೇ ಹೆರಿಗೆಯಾಯಿತು. ಹೆಣ್ಣು ಮಗು. ಡಾಕ್ಟರಮ್ಮ ಹೊರಗೆ ಬಂದು ಹೇಳಿದಾಗ ಅತ್ತೆ ನೆಲದ ಮೇಲೆ ಕೂತುಬಿಟ್ಟರು. ನಾನು ಮಗುವಿನ ಬೆರಳುಗಳನ್ನು ನೋಡಿದೆ. ಎಲ್ಲ ಇದ್ದವು. ಎರಡನೆಯ ಕೂಸಿಗೂ ಎಲ್ಲ ಇದ್ದವು ಎಂಬುದು ಆಗ ನೆನಪಾಯಿತು. ಈ ಬೆರಳುಗಳು ಅಲ್ಲಾಡುತ್ತಿದ್ದವು.

ಬಾಣಂತನಕ್ಕೆ ಅಕ್ಕ ಚನ್ನರಾಯಪಟ್ಟಣಕ್ಕೆ ಹೋದಳು. ಅದು ಮುಗಿಸಿ ಅರಕಲಗೂಡಿಗೆ ಹೊರಟವಳು ದಾರಿಯಲ್ಲಿ ಹಾಸನದಲ್ಲಿ ಇಳಿದಳು. ಎಣ್ಣೆಯ ಹರಕೆ ಹಾಗೇ ಉಳಿದಿತ್ತಲ್ಲ. ಅದೇ ಪುಟ್ಟ ಸೀಸವನ್ನು ಅಮ್ಮನ ಮನೆಗೂ ಒಯ್ದು ಮತ್ತೆ ತಂದಿದ್ದಳು. ಮುದುಕ ಬಾಗಿಲು ತೆಗೆದ. ಅವನ ಎಡಗೈ ಪೂರ್ತಿ ಮೇಲಕ್ಕೆ ಏಳುತ್ತಿರಲಿಲ್ಲ, ಗಂಟೆಯನ್ನು ಬಲಗೈಯಲ್ಲೇ ಎಳೆಯುತ್ತಿದ್ದ. ಮಗುವನ್ನು ನೋಡಿ, ನೀನಾ ಕಣಮ್ಮಿ ನನ್ನ ಬಸ್ಸು ತಪ್ಪಿಸಿದ್ದು ಎಂದ.

ಅಕ್ಕ ಒಳಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ. ಪಡುವಣ ಗೋಡೆಯಲ್ಲಿ ಬಡಗಿಯ ಕಿಟಕಿ ಇತ್ತು. ಬಿಳಿ ಗಾಜಿನ ನಡುವೆ ಅಲ್ಲೊಂದು ಇಲ್ಲೊಂದು ನೀಲಿ ಚೂರು, ಒಂದು ಮೂಲೆಯಲ್ಲಿ ತಾಯಿಯ ಅರ್ಧ ಕೈ, ಎಲ್ಲೂ ಮಗುವಿಲ್ಲ. ಅಕ್ಕ ಯಾವುದಕ್ಕೂ ಕಾಯದೆ ನೇರ ಕಲ್ಲಿನ ಹತ್ತಿರ ಹೋಗಿ, ಮಗುವನ್ನು ಒಂದು ತೋಳಿಗೆ ಸರಿಸಿಕೊಂಡು ಬಗ್ಗಿದಳು. ಮೊದಲು ದೊರೆಸಾನಮ್ಮನ ಪಾದಕ್ಕೆ, ಆಮೇಲೆ ಕೂಸಿನ ಪಾದಕ್ಕೆ ಎಣ್ಣೆ ಸವರಿದಳು. ಅವಳ ಕತ್ತು ತೆರೆದಿತ್ತು.

"ಏನೇ, ಪೊಲೀಸಿನೋರಂಗೆ ಬಾಗ್ಲಲ್ಲಿ ನಿಂತ್ಕಂಡಿದ್ದೀ? ಒಳಕ್ಕೆ ಬಾ," ಎಂದು ತಿರುಗದೆಯೇ ಕರೆದಳು.

ಬಿಸಿಲು ಕಿಟಕಿಗೆ ಬಂತು. ಅಕ್ಕ ನೆಟ್ಟಗೆ ನಿಂತು, ನೀಲಿ ಚೂರೊಂದರ ಬೆಳಕು ಬೀಳುವ ಕಡೆಗೆ ಮಗುವನ್ನು ಎತ್ತಿ ಹಿಡಿದಳು. ನಾನು ಹೊರಗೆ ತಿರುಗಿ, ಕಾಂಪೌಂಡಿನ ಮರಗಳ ಎಲೆ ಅಲ್ಲಾಡುತ್ತಿದೆಯೇ ಎಂದು ನೋಡಿದೆ.